ಎರಡು ಬೆರಳಿನಷ್ಟು ಕಿಟಕಿ

ಪ್ವೆರ್ತೊ ಗಾರ್ಸಾದಲ್ಲಿ ಬಸ್ ನಿಲ್ದಾಣ ಎಂಬುದು ಇರಲಿಲ್ಲ. ಇದ್ದದ್ದು ಓರ್ಫೆಲಿನಾ ಮಾನ್ಸಿಯಾಳ ಅಡುಗೆಮನೆ. ಸರೋವರದ ದಂಡೆಯಲ್ಲಿ ಆ ಗಾಳಿಗೆ ಮುಖ ಒಡ್ಡಿಕೊಂಡು ಬಸ್ಸು ಕಾಯುವಷ್ಟು ಹುಚ್ಚು ಊರಿನಲ್ಲಿ ಯಾರಿಗೂ ಹಿಡಿದಿರಲಿಲ್ಲ. ಕೊಯಾಯ್ಕೆ ಪಟ್ಟಣಕ್ಕೆ ಹೋಗಬೇಕಾದವರೆಲ್ಲ ಬೆಳಗ್ಗೆ ಏಳರ ಹೊತ್ತಿಗೆ ಅವಳ ಸೌದೆ ಒಲೆಯ ಸುತ್ತ ಬಂದು ಸೇರುತ್ತಿದ್ದರು. ಬಸ್ಸು ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಇದು ಯಾವಾಗ ಶುರುವಾಯಿತು ಎಂದು ಕೇಳಿದರೆ, ಅವಳ ಗಂಡ ಬದುಕಿದ್ದಾಗಿನಿಂದ ಎಂದಷ್ಟೇ ಯಾರಾದರೂ ಹೇಳುತ್ತಿದ್ದರು. ಅಂದರೆ ಕಡಿಮೆಯೆಂದರೂ ನಲವತ್ತು ವರ್ಷ.

ಅಲ್ಲಿ ಕುಳಿತವರಿಗೆ ಯೆರ್ಬಾ ಎಲೆಯ ಬಿಸಿ ಕಷಾಯ ಸಿಗುತ್ತಿತ್ತು, ಕರಿದ ರೊಟ್ಟಿ ಸಿಗುತ್ತಿತ್ತು, ಬೇಡವೆಂದರೂ ಬಿಡದ ತಪಾಸಣೆಯೂ ನಡೆಯುತ್ತಿತ್ತು. ಓರ್ಫೆಲಿನಾ ಮೊದಲು ಕಾಲು ನೋಡುವಳು. ಹತ್ತಿಯ ಕಾಲುಚೀಲವಾದರೆ ಅಲ್ಲೇ ಬಿಚ್ಚಿಸಿ ಉಣ್ಣೆಯದನ್ನು ಕೊಡುವಳು. ಜೀನ್ಸ್ ಪ್ಯಾಂಟು ಹಾಕಿ ಬಂದ ಹುಡುಗರಿಗೆ, ಒಮ್ಮೆ ಒದ್ದೆಯಾದರೆ ಇದು ನಿನ್ನ ಮದುವೆಯವರೆಗೂ ಒಣಗುವುದಿಲ್ಲ ಎಂದು ಹಂಗಿಸುವಳು. ಕೊನೆಗೆ, ಹಿರಿಯರು ಕಿರಿಯರು ಎನ್ನದೆ, ಕೊರಳಪಟ್ಟಿಯ ಹಿಂದಿನಿಂದ ಎರಡು ಬೆರಳು ಒಳಗೆ ತೂರಿಸಿ ಕತ್ತು ಮುಟ್ಟಿ ನೋಡುವಳು. ಅಲ್ಲಿ ಬೆವರಿದ್ದರೆ ಮುಗಿಯಿತು.

“ಹೊಸಿಲು ದಾಟುವಾಗ ಒಂಚೂರು ಚಳಿ ಅನ್ನಿಸ್ಬೇಕು. ಬೆಚ್ಚಗಿದೀನಿ ಅಂತ ಅನ್ಸಿದ್ರೆ ಒಂದು ಬಿಚ್ಚು,” ಎಂದು ಮೇಯರನಿಗೂ ಹೇಳಿದ್ದವಳು ಅವಳು. ಒಲೆಯ ಪಕ್ಕ ನಿಂತು ಬಟ್ಟೆ ಹಾಕಿಕೊಳ್ಳುವುದು ಆ ಊರಿನವರ ಹುಟ್ಟುಗುಣ. ಬಿಸಿಯಲ್ಲಿ ಬೆವರಿ, ಆ ಬೆವರನ್ನು ಹೊತ್ತುಕೊಂಡು ಗಾಳಿಗೆ ಇಳಿದವರ ಎದೆ ಕಟ್ಟಿದ್ದನ್ನು ಅವಳು ಎಷ್ಟೋ ಕಂಡಿದ್ದಳು.

ಬಾಗಿಲ ಹಿಂದೆ ಏಳು ಗೂಟಗಳಿದ್ದವು. ಮಳೆಕೋಟು, ರಬ್ಬರ್ ಬೂಟು, ಟೋಪಿ, ಮತ್ತು ತಲೆ ತೂರಿಸಿ ಹಾಕಿಕೊಳ್ಳುವ, ಸತ್ತ ಗಂಡನ ದಪ್ಪ ಕಪ್ಪು ಕಂಬಳಿ. ಇವೆಲ್ಲ ಸಾಲ ಕೊಡುವ ಬಟ್ಟೆಗಳು. ಮೈಮೇಲೆ ಹೋದದ್ದು ಒಂದೆರಡು ವಾರದಲ್ಲಿ ಡ್ರೈವರ್ ರೂಪೆರ್ತೊನ ಕೈಯಲ್ಲಿ ಗಂಟಾಗಿ ವಾಪಸ್ ಬರುತ್ತಿತ್ತು. ಬರಿದಾಗಿ ಬರುವಂತಿರಲಿಲ್ಲ, ಅದು ಆ ಕಡೆಯ ಮರ್ಯಾದೆ. ತೋಳಿನೊಳಗೆ ಆಲೂಗಡ್ಡೆ, ಬೂಟಿನೊಳಗೆ ಬೆಳ್ಳುಳ್ಳಿ, ಒಮ್ಮೆ ಟೋಪಿಯೊಳಗೆ ಜೀವಂತ ಕೋಳಿಮರಿ.

ಇಷ್ಟೆಲ್ಲ ಬಲ್ಲ ಓರ್ಫೆಲಿನಾ ಹಸುಗೂಸುಗಳ ವಿಷಯಕ್ಕೆ ಬಂದಾಗ ಮಾತ್ರ ಬೇರೆಯೇ ಕಾನೂನು ಇಟ್ಟುಕೊಂಡಿದ್ದಳು. ಮಗು ನಡೆಯುವುದಿಲ್ಲ, ಆದ್ದರಿಂದ ಅದಕ್ಕೆ ತನ್ನದೇ ಬಿಸಿ ಇಲ್ಲ, ಆದ್ದರಿಂದ ಎಷ್ಟು ಹೊದಿಸಿದರೂ ಕಡಿಮೆಯೇ. ಅವಳಿಗೆ ಆರು ವರ್ಷವಿದ್ದಾಗ ಅಮ್ಮ ಕುದುರೆಯ ಮೇಲೆ ತಮ್ಮನನ್ನು ಕಟ್ಟಿಕೊಂಡು ಕಣಿವೆ ದಾಟಿದ್ದಳು. ದಾರಿಯಲ್ಲಿ ಹಿಮ ಬಿತ್ತು. ಇಳಿದಾಗ ಅಮ್ಮನ ಮಡಿಲಲ್ಲಿ ತಮ್ಮನ ಕೈ ಬೆಣಚುಕಲ್ಲಿನಷ್ಟು ತಣ್ಣಗಿತ್ತು. ಅದನ್ನು ಅವಳೇ ಮುಟ್ಟಿ ನೋಡಿದ್ದಳು. ಅಂದಿನಿಂದ ಕೂಸುಗಳ ಕತ್ತು ಮುಟ್ಟುವುದಕ್ಕೆ ಅವಳ ಬೆರಳು ಹೋಗುತ್ತಿರಲಿಲ್ಲ. ಸೀದಾ ಇನ್ನೊಂದು ಸ್ವೆಟರ್ ತರಲು ಹೋಗುತ್ತಿತ್ತು.

ಮಗ ಎಲಿಸಿಯೊ ಕಡಲಿನ ಮೀನು ಸಾಕಣೆಯಲ್ಲಿ ಕೆಲಸಕ್ಕಿದ್ದ. ಹದಿನಾಲ್ಕು ದಿನ ಅಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ. ಅಲ್ಲಿಂದಲೇ ಎರಡು ವರ್ಷದ ಹಿಂದೆ ಯಾದಿರಾಳನ್ನು ಕರೆತಂದ. ಅವಳು ಕೊಲಂಬಿಯಾದವಳು, ಬ್ವೆನವೆಂತುರಾ ಬಂದರಿನ ಹುಡುಗಿ. ವರ್ಷವಿಡೀ ಬೆವರುವ ಊರು ಅದು. ಜುಲೈ ತಿಂಗಳ ನಡುಚಳಿಗಾಲದಲ್ಲಿ ಚಪ್ಪಲಿ ಹಾಕಿಕೊಂಡು ಬಸ್ಸಿನಿಂದ ಇಳಿದ ಆ ಉದ್ದ ಕೊರಳಿನ ಕಪ್ಪು ಹುಡುಗಿಯನ್ನು ಓರ್ಫೆಲಿನಾ ಮಾತಾಡಿಸುವ ಮೊದಲೇ ಒಲೆಯ ಮುಂದೆ ಕೂರಿಸಿ, ಅವಳ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಜ್ಜಿದ್ದಳು. ಸೊಸೆ ಎಂದು ಒಪ್ಪಿಕೊಂಡದ್ದು ಆಮೇಲೆ.

ಯಾದಿರಾ ಬೇಗ ಕಲಿತಳು. ಕೈಗವಸನ್ನು ಒಲೆಯ ಮೇಲಲ್ಲ, ಅಂಗಿಯೊಳಗೆ ಎದೆಗಿಟ್ಟು ಒಣಗಿಸಬೇಕು. ಬಿಸಿಲು ಕಂಡು ಹೊರಟರೂ ಮಳೆಕೋಟು ಇರಲೇಬೇಕು. ಕೊಡೆ ಎಂಬುದನ್ನು ಬಾಯಲ್ಲೂ ಎತ್ತಬಾರದು. ಆದರೆ ಮನೆಯೊಳಗೆ ಮಾತ್ರ ತೆಳು ಬನಿಯನ್ನಿನಲ್ಲೇ ಓಡಾಡುತ್ತಿದ್ದಳು. ಯಾಕೆಂದು ಅತ್ತೆ ಕೇಳಿದರೆ, ನಿಮ್ಮ ಅಡುಗೆಮನೆ ನಮ್ಮೂರಿಗಿಂತ ಸೆಖೆ ಎಂದು ನಗುತ್ತಿದ್ದಳು. ಅದೊಂದು ತಮಾಷೆಯೆಂದು ಓರ್ಫೆಲಿನಾ ಅಂದುಕೊಂಡಿದ್ದಳು.

ಯಾದಿರಾಳ ಮಗ ಗಾಸ್ಪರ್ ಹುಟ್ಟಿದಾಗಲೇ ಅವನ ಹೃದಯದಲ್ಲಿ ಒಂದು ಸಣ್ಣ ತೂತು ಇದೆಯೆಂದು ತಿಳಿದಿತ್ತು. ಅದು ತಾನಾಗಿ ಮುಚ್ಚಿಕೊಳ್ಳಬಹುದು, ಇಲ್ಲವೇ ದೊಡ್ಡದಾಗಬಹುದು. ನೋಡಿ ಹೇಳಬೇಕಾದ ಡಾಕ್ಟರು ರಾಜಧಾನಿಯಿಂದ ನಾಲ್ಕು ತಿಂಗಳಿಗೊಮ್ಮೆ ಕೊಯಾಯ್ಕೆಗೆ ಬರುತ್ತಿದ್ದರು. ಮಗುವನ್ನು ಔಷಧಿ ಕೊಟ್ಟು ಮಲಗಿಸಿ ಮಾಡುವ ಪರೀಕ್ಷೆ ಅದು. ಜ್ವರವಿದ್ದರೆ ಮಾಡುವುದಿಲ್ಲ. ಜೂನ್‌ನಲ್ಲಿ ಹೋದಾಗ ನರ್ಸು ಥರ್ಮಾಮೀಟರ್ ಇಟ್ಟಳು, ಮೂವತ್ತೆಂಟೂವರೆ ಡಿಗ್ರಿ ಬಂತು, ಜ್ವರ. ಅರ್ಧ ದಿನದ ದಾರಿ ಸವೆಸಿ ಹೋದವರನ್ನು ಅಷ್ಟೇ ದಾರಿ ವಾಪಸ್ ಕಳಿಸಿದರು. ಮನೆಗೆ ಬಂದ ಮೇಲೆ ಮಗುವಿಗೆ ನೆಗಡಿಯೂ ಬರಲಿಲ್ಲ, ಕೆಮ್ಮೂ ಬರಲಿಲ್ಲ. ದಾರಿಯ ಗಾಳಿ ಬಡಿದಿರಬೇಕು ಎಂದು ಓರ್ಫೆಲಿನಾ ತೀರ್ಮಾನಿಸಿ, ನಾಲ್ಕು ತಿಂಗಳು ಕೂತು ಹೊಸ ಒಳಂಗಿ ಹೆಣೆದಳು. ಕುರಿಯ ಜಿಡ್ಡು ತೊಳೆಯದ ಹಸಿ ಉಣ್ಣೆ. ಮಳೆ ಬಿದ್ದರೂ ಒಳಗಿಳಿಯದು. ಅದನ್ನು ಹಾಕಿದ ಮಗು ಕುರಿದೊಡ್ಡಿಯಂತೆ ನಾರುತ್ತದೆ ಎಂಬುದೊಂದೇ ಕುಂದು.

ಈಗ ಅಕ್ಟೋಬರ್. ಚಳಿಗಾಲ ಮುಗಿದು ವಸಂತ ಬಂದಿದೆ ಎಂದು ಕ್ಯಾಲೆಂಡರು ಹೇಳುತ್ತಿತ್ತು. ಎಲಿಸಿಯೊ ಕಡಲಿನಲ್ಲಿದ್ದ. ಈ ಸಲವೂ ಜ್ವರ ಬಂದರೆ ಮುಂದಿನದು ಫೆಬ್ರುವರಿಗೇ. ಅಷ್ಟರಲ್ಲಿ ಆ ತೂತು ಏನಾಗಿರುತ್ತದೋ ಎಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮೂರು ದಿನದಿಂದ ಮನೆಯಲ್ಲಿ ಥರ್ಮಾಮೀಟರು ಚಮಚದಂತೆ ಕೈಗೆ ಸಿಗುವಲ್ಲೇ ಇತ್ತು.

ಹೊರಡುವ ಬೆಳಗ್ಗೆ ಓರ್ಫೆಲಿನಾ ಮೊಮ್ಮಗನನ್ನು ಮೇಜಿನ ಮೇಲೆ ಮಲಗಿಸಿಕೊಂಡು ತೊಡಿಸಲು ಶುರುಮಾಡಿದಳು. ಹತ್ತಿಯ ಬನಿಯನ್ನು, ಅದರ ಮೇಲೆ ಹಸಿ ಉಣ್ಣೆಯ ಒಳಂಗಿ, ಮೇಲೊಂದು ಸ್ವೆಟರ್, ಕಾಲಿಗೆ ಎರಡು ಜೊತೆ ಚೀಲ, ಉಣ್ಣೆಯ ಪ್ಯಾಂಟು, ಅದರ ಮೇಲೆ ಯಾದಿರಾ ಪಟ್ಟಣದಿಂದ ತರಿಸಿದ ನೀಲಿ ಬಣ್ಣದ ಉಬ್ಬು ಕೋಟು, ಮೇಲೊಂದು ಶಾಲು. ಟೋಪಿ ಒಂದು. ಗಾಸ್ಪರ್‌ನ ಕೈ ಎರಡೂ ಬದಿಗೆ ಚಾಚಿಕೊಂಡು ಮಡಚಲಾಗದೆ ನಿಂತವು. ಅವನಿಗೇ ಅದು ಕಂಡು ನಗು ಬಂತು.

ಯಾದಿರಾ ಪಕ್ಕದಲ್ಲಿ ನಿಂತು ಮೆಲ್ಲಗೆ, ಇಷ್ಟು ಸಾಕಲ್ಲವೇ ಎಂದಳು. ಜೂನ್‌ನಲ್ಲೂ ಹೀಗೇ ಅಂದಿದ್ದಳು. ಓರ್ಫೆಲಿನಾ ಆಗಿನಂತೆಯೇ ಈಗಲೂ, ನೀನು ಈ ಗಾಳಿಯನ್ನು ಕಂಡಿಲ್ಲ ಮಗಳೇ ಎಂದು ಹೇಳಿ, ಎರಡನೆಯ ಟೋಪಿ ತಂದಳು.

ರೂಪೆರ್ತೊನ ಬಸ್ಸಿನಲ್ಲಿ ಹೀಟರಿನ ತಿರುಪು ಮುರಿದು ವರ್ಷವಾಗಿತ್ತು. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಜನ ಪೂರ್ತಿಯನ್ನೇ ಆರಿಸಿಕೊಂಡಿದ್ದರು. ಗಾಜುಗಳೆಲ್ಲ ಉಸಿರಿನ ಮಂಜು ಕವಿದು, ಒಳಗೆ ಒದ್ದೆ ಉಣ್ಣೆಯ, ಕಿತ್ತಳೆ ಸಿಪ್ಪೆಯ, ಡೀಸೆಲ್ಲಿನ ವಾಸನೆ ತುಂಬಿತ್ತು. ಕಿಟಕಿ ತೆಗೆಯುವ ಮಾತೇ ಇರಲಿಲ್ಲ. ಬೆಚ್ಚಗಿನ ಬಸ್ಸಿನಲ್ಲಿ ಗಾಳಿ ನುಗ್ಗಿದರೆ ಬಾಯಿ ಸೊಟ್ಟಗಾಗುತ್ತದೆ ಎಂಬುದನ್ನು ಅಲ್ಲಿ ಎಳೆಮಕ್ಕಳೂ ಬಲ್ಲರು. ಅಂಥ ಪಾಪ ಮಾಡಿದವನನ್ನು ದಾರಿಯಲ್ಲೇ ಇಳಿಸಿದ ಉದಾಹರಣೆಯೂ ಇತ್ತು.

ಹೊರಟಾಗ ಬಿಸಿಲಿತ್ತು. ಸೇತುವೆ ದಾಟುವಷ್ಟರಲ್ಲಿ ಮಳೆ. ಅದಾದ ಮೇಲೆ ಆಲಿಕಲ್ಲು ಮಾಡಿನ ಮೇಲೆ ಬಟಾಣಿ ಸುರಿದಂತೆ ಸದ್ದು ಮಾಡಿತು. ಓರ್ಫೆಲಿನಾ ಹೆಮ್ಮೆಯಿಂದ ಮೊಮ್ಮಗನ ಗಂಟು ನೋಡಿದಳು. ಇದಕ್ಕೆಲ್ಲ ಸಿದ್ಧವಾಗಿ ಬಂದಿದ್ದೇವೆ ಎಂಬ ನೋಟ ಅದು.

ಎರಡು ಗಂಟೆ ಕಳೆದಿರಬೇಕು. ಗಾಸ್ಪರ್ ಅಳಲಿಲ್ಲ, ಆಡಲೂ ಇಲ್ಲ. ಕೆನ್ನೆ ಬೀಟ್‌ರೂಟಿನಂತಾಗಿತ್ತು. ಕಣ್ಣು ಅರೆತೆರೆದು ಎತ್ತಲೋ ನೋಡುತ್ತಿತ್ತು. ಯಾದಿರಾ ಶಾಲಿನೊಳಗೆ ಕೈ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಯಾರನ್ನೂ ಕೇಳದೆ ಶಾಲು ಬಿಚ್ಚಿದಳು, ಟೋಪಿ ಎರಡನ್ನೂ ಕಿತ್ತಳು, ನೀಲಿ ಕೋಟಿನ ಜಿಪ್ಪು ಎಳೆದಳು.

ಹಿಂದಿನ ಸೀಟಿನಲ್ಲಿ ಸುನಿಲ್ದಾ ಕೂತಿದ್ದಳು. ಊರಿನಲ್ಲಿ ಎಂಟು ಮಕ್ಕಳನ್ನು ಹೆತ್ತು ಎಂಟನ್ನೂ ಉಳಿಸಿಕೊಂಡವಳು. ಬೇರೆಯವರ ಮಗುವಿನ ಕಾಲುಚೀಲ ಜಾರಿದರೂ ಬೀದಿಯ ಆಚೆಯಿಂದ ಕೂಗಿ ಹೇಳುವ ಹಕ್ಕು ತನಗಿದೆ ಎಂದು ನಂಬಿದವಳು.

“ಏನ್ ಮಾಡ್ತಿದೀಯಮ್ಮ ನೀನು? ಮಗೂಗೆ ಮೈ ಸುಡ್ತಿದೆ, ಕೆಂಪಗಾಗಿದೆ, ಅದರ ಬಟ್ಟೆ ಬಿಚ್ತಿದೀಯಲ್ಲ,” ಎಂದಳು.

ಮುಂದಿನ ಸೀಟಿನವರು ತಿರುಗಿದರು. ಜ್ವರವಿರುವ ಕೂಸಿಗೆ ಇನ್ನೂ ಹೊದಿಸಿ ಬೆವರಿಳಿಸಬೇಕು ಎಂದು ಒಬ್ಬಳು, ಬಿಸಿ ದೇಶದವರಿಗೆ ಇದೆಲ್ಲ ಹೇಗೆ ತಿಳಿಯಬೇಕು ಪಾಪ ಎಂದು ಇನ್ನೊಬ್ಬಳು, ಬ್ರೇಕ್ ಹಾಕಲೇ ಎಂದು ರೂಪೆರ್ತೊ. ಯಾದಿರಾ ಆಗಲೇ ಸ್ವೆಟರಿಗೆ ಕೈ ಹಾಕಿದ್ದಳು.

“ಓರ್ಫೆಲಿನಾ ಅಮ್ಮಾ, ನೀವಾದ್ರೂ ಹೇಳ್ಬಾರ್ದಾ? ಊರಿಗೆಲ್ಲ ಬಟ್ಟೆ ಹಾಕೋರು ನೀವು,” ಎಂದಳು ಸುನಿಲ್ದಾ.

ಬಸ್ಸಿಗೆ ಬಸ್ಸೇ ಅವಳ ಮುಖ ನೋಡುತ್ತಿತ್ತು. ಓರ್ಫೆಲಿನಾಳ ಕೈ ತಾನಾಗಿ ಶಾಲಿನತ್ತ ಹೋಯಿತು. ಮೂವತ್ತೆಂಟೂವರೆ ಎಂಬ ಸಂಖ್ಯೆ ಅವಳ ಕಣ್ಣ ಮುಂದೆ ಬಂದು ನಿಂತಿತ್ತು. ಮತ್ತೆ ಬಂತಲ್ಲ, ಈ ಸಲವೂ ಬಂತಲ್ಲ. ಶಾಲು ಎತ್ತಿ ಮಗುವಿನ ಮೇಲೆ ಹಾಕುವಷ್ಟರಲ್ಲಿ ಯಾದಿರಾ ಅವಳ ಮಣಿಕಟ್ಟು ಹಿಡಿದಳು. ಎರಡು ವರ್ಷದಲ್ಲಿ ಅವಳು ಅತ್ತೆಯ ಕೈ ತಡೆದದ್ದು ಅದೇ ಮೊದಲು.

“ಚಳಿ ನಂಗೆ ಗೊತ್ತಿಲ್ಲ ಅತ್ತೆ, ಒಪ್ಕೋತೀನಿ. ನೀವು ಹೇಳಿದ್ದೆಲ್ಲ ಹಾಕ್ಕೊಂಡಿದೀನಿ. ಆದ್ರೆ ಸೆಖೆ ನಿಮಗೆ ಗೊತ್ತಿಲ್ಲ,” ಎಂದಳು. “ಎಲ್ರದ್ದೂ ನೋಡ್ತೀರಲ್ಲ, ಇವನದ್ದೂ ಒಂದ್ಸಲ ನೋಡಿ.”

ಹಾಗೆಂದು ಅತ್ತೆಯ ಎರಡು ಬೆರಳನ್ನು ಹಿಡಿದು ಮಗುವಿನ ಕೊರಳಪಟ್ಟಿಯ ಹಿಂದಿನಿಂದ ಒಳಗೆ ತೂರಿಸಿದಳು.

ಕತ್ತು ಒದ್ದೆಯಾಗಿತ್ತು. ಕೂದಲ ಬುಡದಿಂದ ಬೆನ್ನಿನವರೆಗೂ ಬೆವರು ಹರಿದಿತ್ತು. ಹಸಿ ಉಣ್ಣೆಯ ಒಳಗೆ ಕುದಿಯುವ ಪಾತ್ರೆಯ ಹಬೆಯಂಥ ಬಿಸಿ. ನಲವತ್ತು ವರ್ಷದಲ್ಲಿ ಸಾವಿರ ಕತ್ತು ಮುಟ್ಟಿದ್ದ ಬೆರಳುಗಳಿಗೆ ಅದೇನೆಂದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಇದು ಜ್ವರವಲ್ಲ. ಇದು ಒಲೆಯ ಪಕ್ಕ ನಿಂತು ಬಟ್ಟೆ ಹಾಕಿಕೊಂಡ ಮೂರ್ಖನ ಕತ್ತು. ವ್ಯತ್ಯಾಸವಿಷ್ಟೇ, ಆ ಮೂರ್ಖನಿಗೆ ಬಿಚ್ಚಲು ಕೈಯಿರುತ್ತದೆ.

ಜೂನ್ ತಿಂಗಳೂ ಅವಳಿಗೆ ಆಗಲೇ ನೆನಪಾಯಿತು. ಇದೇ ಬಸ್ಸು, ಇದೇ ಹೀಟರು, ಆಗ ಟೋಪಿ ಮೂರು.

ಅವಳು ಎದ್ದು ನಿಂತಳು. ಸೊಸೆಯ ಆಚೆಗೆ ಬಾಗಿ, ಅಂಟಿಕೊಂಡಿದ್ದ ಕಿಟಕಿಯ ಗಾಜನ್ನು ಅಂಗೈಯಿಂದ ಗುದ್ದಿ ಸರಿಸಿದಳು. ಎರಡು ಬೆರಳಿನಷ್ಟು. ಗಾಳಿ ಸಿಳ್ಳೆ ಹಾಕುತ್ತಾ ಒಳಗೆ ಬಂತು. ಸುನಿಲ್ದಾ ಕೈಯಿಂದ ಬಾಯಿ ಮುಚ್ಚಿಕೊಂಡು, ನನ್ನ ಬಾಯಿ ಸೊಟ್ಟಗಾದರೆ ಯಾರು ಹೊಣೆ ಎಂದು ಕೇಳಿದಳು.

“ನಿನ್ನ ಬಾಯಿ ಎರಡು ದಿನ ಅಲ್ಲಾಡ್ದೆ ಇದ್ರೆ ಊರೆಲ್ಲ ಸೇರಿ ನಂಗೆ ಸನ್ಮಾನ ಮಾಡುತ್ತೆ ಕಣೇ,” ಎಂದಳು ಓರ್ಫೆಲಿನಾ. ರೂಪೆರ್ತೊ ಮೊದಲು ನಕ್ಕ. ಆಮೇಲೆ ಒಬ್ಬೊಬ್ಬರಾಗಿ ತಿರುಗಿ ಕೂತರು. ಯಾದಿರಾ ಬನಿಯನ್ನೊಂದನ್ನು ಬಿಟ್ಟು ಎಲ್ಲ ಬಿಚ್ಚಿ, ಬಾಟಲಿಯ ನೀರಿನಲ್ಲಿ ಬಟ್ಟೆ ಅದ್ದಿ ಮಗುವಿನ ಕತ್ತು, ಕಂಕುಳು ಒರೆಸಿದಳು. ಹಾಲು ಕುಡಿಸಿದಳು. ಅರ್ಧ ಗಂಟೆಯಲ್ಲಿ ಗಾಸ್ಪರ್ ಅಮ್ಮನ ಕಿವಿಯೋಲೆ ಹಿಡಿದು ಎಳೆಯತೊಡಗಿದ. ಓರ್ಫೆಲಿನಾ ಬಿಚ್ಚಿದ ಬಟ್ಟೆಗಳನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಘಟ್ಟದ ನೆತ್ತಿಗೆ ಬಂದಾಗ ಬಸ್ಸು ಜಾರಿತು. ಹಿಮ ಬೀಳುತ್ತಿತ್ತು. ಚಕ್ರಕ್ಕೆ ಸರಪಳಿ ಕಟ್ಟಬೇಕು, ಎಲ್ಲರೂ ಇಳಿಯಿರಿ, ಕಾಲು ಗಂಟೆ ಎಂದು ರೂಪೆರ್ತೊ ಹೇಳಿದ. ಮಗು ಒದ್ದೆ ಬನಿಯನ್ನಿನಲ್ಲಿತ್ತು, ಹೊರಗೆ ಹಿಮಗಾಳಿ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಯಾದಿರಾ ಕೈಗೆ ಸಿಕ್ಕ ನೀಲಿ ಕೋಟನ್ನೇ ಎತ್ತಿಕೊಂಡಳು.

“ಅದಲ್ಲ ಮಗಳೇ. ಮೊದಲು ಒದ್ದೆ ತೆಗಿ,” ಎಂದಳು ಓರ್ಫೆಲಿನಾ.

ಆಮೇಲೆ ಅವಳ ಕೈ ಕೆಲಸ ಮಾಡಿದ್ದನ್ನು ಸುನಿಲ್ದಾ ಎಷ್ಟೋ ದಿನ ಊರಲ್ಲಿ ಹೇಳಿಕೊಂಡು ತಿರುಗಿದಳು. ಒದ್ದೆ ಬನಿಯನ್ನು ಹೋಯಿತು. ಬೆನ್ನು ಒರೆಸಿದ್ದಾಯಿತು. ಕುರಿವಾಸನೆಯ ಒಳಂಗಿ ಬರಿಮೈಗೇ ಬಂತು. ಪ್ಯಾಂಟು, ಒಂದೇ ಜೊತೆ ಕಾಲುಚೀಲ, ಒಂದೇ ಟೋಪಿ. ನೀಲಿ ಕೋಟು ಬೇಡ. ಮಗುವನ್ನು ಯಾದಿರಾಳ ಎದೆಗೆ ಒತ್ತಿ, ಅವಳ ಕೋಟಿನ ಗುಂಡಿ ಅವನ ಬೆನ್ನಿನ ಮೇಲೆ ಹಾಕಿ, ಇಬ್ಬರ ತಲೆಯ ಮೇಲೂ ತಾನು ಹೊದ್ದು ಬಂದಿದ್ದ ತನ್ನ ಗಂಡನ ಕಪ್ಪು ಕಂಬಳಿ ಇಳಿಸಿದಳು. ನಾಡಿನ ಅರ್ಧ ಜನ ಹೊದ್ದು ವಾಪಸ್ ಕೊಟ್ಟ ಕಂಬಳಿ ಅದು. ಬಸ್ಸಿನ ಮರೆಗೆ ಅವರನ್ನು ನಿಲ್ಲಿಸಿ, ಗಾಳಿ ಬರುವ ಕಡೆಗೆ ತಾನು ಬೆನ್ನು ಕೊಟ್ಟು ನಿಂತಳು. ಕಂಬಳಿಯ ಒಳಗಿಂದ ಗಾಸ್ಪರ್ ಯಾರಿಗೋ ಉಪನ್ಯಾಸ ಕೊಡುತ್ತಿದ್ದ.

ಮತ್ತೆ ಹತ್ತಿದ ಕೂಡಲೆ ಓರ್ಫೆಲಿನಾ ತಾನೇ ಟೋಪಿ ತೆಗೆದಳು, ಕಾಲುಚೀಲ ತೆಗೆದಳು. ಒಳಂಗಿಗೆ ಕೈ ಹಾಕುವ ಮೊದಲು ತಲೆಯೆತ್ತಿ ಸೊಸೆಯನ್ನು ನೋಡಿದಳು. ಯಾದಿರಾ ಮಗುವಿನ ಕತ್ತು ಮುಟ್ಟಿ, ಸ್ವಲ್ಪ ಹೊತ್ತು ಇರಲಿ ಎಂದಳು. ಹತ್ತು ನಿಮಿಷದ ಮೇಲೆ, ಈಗ ತೆಗೆಯೋಣ ಎಂದಳು. ಕಿಟಕಿ ಎರಡು ಬೆರಳು ತೆರೆದೇ ಇತ್ತು. ಹಿಂದೆ ಸುನಿಲ್ದಾ ಬಾಯಿಗೆ ಮಫ್ಲರ್ ಸುತ್ತಿಕೊಂಡು, ಯಾರಿಗೂ ಹೇಳದೆ, ಆ ಗಾಳಿ ನೇರವಾಗಿ ಮಗುವಿಗೆ ಬಡಿಯದಂತೆ ತನ್ನ ಬುಟ್ಟಿಯನ್ನು ಅಡ್ಡ ಇಟ್ಟಿದ್ದಳು.

ಆಸ್ಪತ್ರೆಯ ನರ್ಸು ಥರ್ಮಾಮೀಟರ್ ಇಟ್ಟಳು. ಅದು ಕೂಗುವವರೆಗಿನ ಹೊತ್ತು ಘಟ್ಟಕ್ಕಿಂತ ಉದ್ದವಾಗಿತ್ತು.

“ಮೂವತ್ತಾರು ಪಾಯಿಂಟ್ ಎಂಟು, ಜ್ವರ ಇಲ್ಲ,” ಎಂದಳು ನರ್ಸು. ಮೂಗು ಸೊಟ್ಟಗೆ ಮಾಡಿ, “ಕುರಿಮರಿ ತಂದಿದ್ದೀರಾ?” ಎಂದು ಕೇಳಿ, ಗಾಸ್ಪರ್‌ನನ್ನು ಎತ್ತಿಕೊಂಡು ಒಳಗೆ ಹೋದಳು.

ಅತ್ತೆ ಸೊಸೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು. ಕಾರಿಡಾರು ಹೀಟರಿನಿಂದ ಬೆಚ್ಚಗಿತ್ತು. ಓರ್ಫೆಲಿನಾಳ ಮಡಿಲಲ್ಲಿ ಬಟ್ಟೆಗಳ ಗುಡ್ಡ ಹಾಗೇ ಇತ್ತು. ಒಂದೊಂದಾಗಿ ಮಡಚಿದಳು. ಎರಡನೆಯ ಟೋಪಿಗೆ ಬಂದಾಗ ಅವಳ ಕೈ ನಿಂತಿತು.

“ಹೋದ ಸಲ ಅದು ಜ್ವರ ಅಲ್ಲ ಕಣೇ,” ಎಂದಳು. “ನಾನೇ.”

“ಗೊತ್ತು ಅತ್ತೆ.”

“ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ನೀವು ಇನ್ನೊಂದು ಟೋಪಿ ತಂದ್ರಿ.”

ಓರ್ಫೆಲಿನಾಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಎರಡಕ್ಕೂ ಆ ಟೋಪಿಯನ್ನೇ ಉಪಯೋಗಿಸಿದಳು. ಆಮೇಲೆ, ಯಾರಿಗೂ ಹೇಳಿರದ ತಮ್ಮನ ಕೈಯ ವಿಷಯ ಹೇಳಿದಳು. ಕುದುರೆ, ಕಣಿವೆ, ಬೆಣಚುಕಲ್ಲಿನ ತಂಪು. ಹೆಚ್ಚು ಮಾತಿರಲಿಲ್ಲ ಅದರಲ್ಲಿ. ಯಾದಿರಾ ಕೇಳಿಸಿಕೊಂಡು, ಅತ್ತೆಯ ಬೂಟು ಬಿಚ್ಚಿ, ಘಟ್ಟದ ಹಿಮದಲ್ಲಿ ಒದ್ದೆಯಾಗಿದ್ದ ಕಾಲುಚೀಲ ಕಿತ್ತು, ಆ ಹಳೆಯ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಜ್ಜತೊಡಗಿದಳು. ದಾದಿಯರು ಹೋಗುತ್ತಾ ಬರುತ್ತಾ ನೋಡಿದರು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಒಂದು ಗಂಟೆಯ ಮೇಲೆ ಡಾಕ್ಟರು ಬಂದು, ತೂತು ಅರ್ಧಕ್ಕಿಂತ ಸಣ್ಣದಾಗಿದೆ, ತಾನಾಗಿ ಮುಚ್ಚಿಕೊಳ್ಳುತ್ತಿದೆ, ಇನ್ನೊಂದು ವರ್ಷ ಬಿಟ್ಟು ತೋರಿಸಿ ಎಂದರು. ಯಾದಿರಾ ಅದನ್ನು ಎರಡು ಸಲ ಹೇಳಿಸಿದಳು. ಓರ್ಫೆಲಿನಾ ಮೂರನೆಯ ಸಲ.

ನಿದ್ದೆ ತಿಳಿದೆದ್ದ ಗಾಸ್ಪರ್‌ನನ್ನು ಎತ್ತಿಕೊಂಡು ಬಾಗಿಲ ಬಳಿ ಬಂದಾಗ ಹೊರಗೆ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಹಿಮದ ಚೂರು ಹಾರುತ್ತಿತ್ತು. ಓರ್ಫೆಲಿನಾ ಮಡಚಿದ ಬಟ್ಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ಸೊಸೆಯ ಮುಂದೆ ನಿಂತಳು, ಅಂಗಡಿಯಲ್ಲಿ ಗಿರಾಕಿಗೆ ತೋರಿಸುವವಳಂತೆ.

“ಹೇಳು. ಎಷ್ಟು ಹಾಕೋಣ?”

ಯಾದಿರಾ ಆಕಾಶ ನೋಡಿದಳು. ಅವಳಿಗೆ ಅದರ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

“ಇದು ಹೊರಗಿಂದು ಅತ್ತೆ, ನೀವೇ ಹೇಳಿ,” ಎಂದಳು. “ಬಸ್ ಹತ್ತಿದ ಮೇಲೆ ನಾನು ಹೇಳ್ತೀನಿ.”